ಮೆಡಿಕಲ್ ಶಾಪಿಗೆ ಬಂದ ಸೌಟುಗಳು

ಕಳೆದ ತಿಂಗಳ ಒಂದು ಸೋಮವಾರ. ಶಟರ್ ಎತ್ತಿ ಇನ್ನೂ ಕಸ ಗುಡಿಸಿರಲಿಲ್ಲ, ಒಬ್ಬ ಹೆಂಗಸು ಬಂದು ಕೈಚೀಲದಿಂದ ಹಳೇ ಪೇಪರಿನಲ್ಲಿ ಸುತ್ತಿದ ಸ್ಟೀಲ್ ಸೌಟೊಂದನ್ನು ತೆಗೆದು ಗಾಜಿನ ಕೌಂಟರಿನ ಮೇಲೆ ಇಟ್ಟರು.

"ಸೌಟು ತಂದೀನ್ರಿ. ಆಪಾ ಎಲ್ಲಿ?"

"ಆಪಾ ಇಲ್ಲಿ ಬಿಟ್ಟು ಎರಡು ತಿಂಗಳಾತ್ರಿ. ಈಗ ಹರಿಹರದಾಗೆ ಒಂದು ಮೆಡಿಕಲ್‌ನಾಗೆ ಇರ್ತಾರೆ. ನನಗೆ ತೋರಿಸ್ರಿ, ನಾನೂ ಫಾರ್ಮಸಿಸ್ಟೇ."

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಾನು ಹುಟ್ಟಾ ಸಣಕಲಿ. ಏನು ತಿಂದರೂ ಮೈಗೆ ಹತ್ತುವುದಿಲ್ಲ.

"ನಿನಗೇನು ತೋರಿಸ್ಲವ್ವಾ? ದಪ್ಪ ಆದೋರ ಕಷ್ಟ ನಿನಗೇನು ಗೊತ್ತು? ಜೋರು ಗಾಳಿ ಬಂದ್ರೆ ನಿನ್ನನ್ನೇ ಹಿಡಕಬೇಕು," ಎಂದು ಸೌಟನ್ನು ಮತ್ತೆ ಪೇಪರಿನಲ್ಲಿ ಸುತ್ತಿದರು. "ಹರಿಹರದಾಗೆ ಎಲ್ಲಿ ಅಂತ ಹೇಳು."

ಹೇಳಿದೆ. ಹೇಳದೆ ಏನು ಮಾಡಲಿ?

ನಾನು ದಿನಚರಿ ಬರೆಯುವವಳು. ಹೈಸ್ಕೂಲಿನಿಂದ ಒಂದು ದಿನವೂ ತಪ್ಪಿಸಿಲ್ಲ. ಆಪಾ ಹೋದ ಮೇಲೆ ಪ್ರತಿ ಪುಟದ ಕೆಳಗೆ ಒಂದು ಗೆರೆ ಎಳೆದು ಎರಡು ಭಾಗ ಮಾಡುತ್ತೇನೆ. ಎಡಗಡೆ, "ಆಪಾ ಎಲ್ಲಿ" ಎಂದು ಕೇಳಿದವರು. ಬಲಗಡೆ, ನನ್ನನ್ನೇ ಸಲಹೆ ಕೇಳಿದವರು. ಎಡಗಡೆ ಕಡ್ಡಿಗೆ ಕಡ್ಡಿ ಕೂಡಿ ಐದೈದರ ಕಟ್ಟುಗಳಾಗುತ್ತವೆ. ಬಲಗಡೆ ಹೆಚ್ಚಿನ ದಿನ ಖಾಲಿ ಕಾಗದ. ಒಂದೇ ಒಂದು ಕಡ್ಡಿ ಬಿದ್ದ ಒಂದು ಗುರುವಾರ ನನಗೆ ಚೆನ್ನಾಗಿ ನೆನಪಿದೆ. ಆ ಮನುಷ್ಯ ಕೇಳಿದ್ದು, "ಇಲ್ಲಿ ಹತ್ರ ಎಟಿಎಂ ಎಲ್ಲಿ ಐತೆ?" ಎಂದು. ಅದನ್ನೂ ಬರೆದುಕೊಂಡೆ.

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ. ಅವರಿಗೆ ಬೇರೆ ಹೆಸರಿತ್ತು, ಲೈಸೆನ್ಸಿನ ಚೌಕಟ್ಟಿನಲ್ಲಿ ಗೋಡೆಯ ಮೇಲೂ ಇತ್ತು. ಆದರೆ ದಾವಣಗೆರೆಯ ನಮ್ಮ ಬೀದಿಯಲ್ಲಿ ಆ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ದಲಾಲಿ ಮಂಡಿಯ ಹಮಾಲರಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರಿಗೂ ಆಪಾ. ಅವರಿಗಿಂತ ದೊಡ್ಡವರೂ ಆಪಾ ಎನ್ನುತ್ತಿದ್ದರು. ನನ್ನನ್ನು ಮಾತ್ರ ಎಲ್ಲರೂ "ಏ ಹುಡುಗಿ" ಎನ್ನುತ್ತಿದ್ದರು.

ದುಂಡನೆಯ ಮೈ, ಬಿಳಿ ಕೋಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ತಲೆಯ ಮೇಲೆ ದುಪ್ಪಟ್ಟ, ಮೂಗಿನ ತುದಿಯಲ್ಲಿ ಕನ್ನಡಕ. ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದರು, ವಾರದಲ್ಲಿ ಎರಡು ದಿನವಾದರೂ ತಡವಾಗುತ್ತಿತ್ತು. ಬಂದವರೇ ಟೀ ತರಿಸಿ ಬಸಿಯಲ್ಲಿ ಸುರಿದುಕೊಂಡು ಸದ್ದು ಮಾಡುತ್ತಾ ಕುಡಿಯುತ್ತಿದ್ದರು. ಸ್ಟಾಕ್ ಇಟ್ಟ ಜಾಗ ನೆನಪಿರುತ್ತಿರಲಿಲ್ಲ. "ಬೇಟಾ, ಆ ಕೆಮ್ಮಿನ ಹೊಸ ಸಿರಪ್ ಎಲ್ಲಿ ಸತ್ತೈತೆ ನೋಡು" ಎಂದು ನನ್ನನ್ನು ಕೂಗುತ್ತಿದ್ದರು. ಅಕ್ಷರ ಕ್ರಮದಲ್ಲಿ ಕಪಾಟು ಜೋಡಿಸಿದವಳು ನಾನು. ಅವಧಿ ಮುಗಿಯುವ ಔಷಧಿಗಳನ್ನು ತಿಂಗಳ ಮೊದಲೇ ಬೇರೆ ಮಾಡಿಟ್ಟವಳು ನಾನು. ಇಬ್ಬರೂ ಓದಿದ್ದು ಒಂದೇ ಡಿಪ್ಲೊಮಾ, ನನ್ನ ಮಾರ್ಕ್ಸು ಜಾಸ್ತಿ. ಇದನ್ನೆಲ್ಲ ಯಾರಿಗಾದರೂ ಹೇಳಬೇಕೆಂದು ಎಷ್ಟೋ ಸಲ ಅನಿಸಿದೆ. ಕೇಳುವವರು ಸಿಕ್ಕಿಲ್ಲ.

ನಮ್ಮ ಅಂಗಡಿಗೆ ಬರುವವರಲ್ಲಿ ತೂಕ ಇಳಿಸಿಕೊಳ್ಳಬೇಕೆಂದು ಬರುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಒಬ್ಬೊಬ್ಬರ ಕೈಯಲ್ಲೂ ಮೊಬೈಲು, ಮೊಬೈಲಿನಲ್ಲಿ ಒಂದು ವಿಡಿಯೊ. ಜೀರಿಗೆ ನೀರು, ಬರೀ ಮೊಟ್ಟೆ, ಬರೀ ಹಣ್ಣು, ಹದಿನೈದು ದಿನದಲ್ಲಿ ಹತ್ತು ಕೆಜಿ. ನಾನು ಇದಕ್ಕೆಂದೇ ಒಂದು ಭಾನುವಾರ ಪೂರ್ತಿ ಕೂತು ಒಂದು ಪಟ್ಟಿ ತಯಾರಿಸಿದೆ. ಯಾವ ಊಟದಲ್ಲಿ ಎಷ್ಟು ಕ್ಯಾಲೊರಿ, ಎಷ್ಟು ಗ್ರಾಂ ಅನ್ನ, ಎಷ್ಟು ಗ್ರಾಂ ತರಕಾರಿ, ಎಲ್ಲ ಕಾಲಂ ಹಾಕಿ, ಟೈಪ್ ಮಾಡಿಸಿ, ನನ್ನ ದುಡ್ಡಿನಲ್ಲೇ ಜೆರಾಕ್ಸ್ ಮಾಡಿಸಿದೆ. ಕೇಳಿದವರಿಗೆಲ್ಲ ಒಂದೊಂದು ಕೊಟ್ಟೆ. ಎಲ್ಲರೂ ಮಡಚಿ ಚೀಲಕ್ಕೆ ಹಾಕಿಕೊಂಡರು. ಅದರ ಮುಂದಿನ ವಾರ ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರ ಗಾಡಿಯಲ್ಲಿ ಮಿರ್ಚಿ ತೆಗೆದುಕೊಂಡರೆ, ಎಣ್ಣೆ ಹೀರಿದ ಕಾಗದದಲ್ಲಿ ನನ್ನದೇ ಕಾಲಂಗಳು. ಮಿರ್ಚಿಗೆ ಎಷ್ಟು ಕ್ಯಾಲೊರಿ ಎಂದು ಬರೆದ ಸಾಲು ಸರಿಯಾಗಿ ಮಿರ್ಚಿಯ ಕೆಳಗೇ ಇತ್ತು.

ಆಪಾ ಪಟ್ಟಿ ಕೊಡುತ್ತಿರಲಿಲ್ಲ. ಗ್ರಾಹಕರ ಕಡೆ, ಕೌಂಟರಿನ ಮುಂದೆ ಅವರದೊಂದು ಕಬ್ಬಿಣದ ಸ್ಟೂಲ್ ಇತ್ತು. ದಾರಿಗೆ ಅಡ್ಡ ಬರುತ್ತದೆ ಎಂದು ನಾನು ಒಳಗೆ ಸರಿಸಿದರೆ ಮತ್ತೆ ಹೊರಗೆ ಇಡುತ್ತಿದ್ದರು. "ತೂಕ ಇಳಿಸಬೇಕ್ರಿ" ಎಂದು ಯಾರಾದರೂ ತಗ್ಗಿದ ದನಿಯಲ್ಲಿ ಹೇಳಿದ ಕೂಡಲೇ, "ಕೂಡ್ರಿ ಅಕ್ಕಾರ, ಮೊದ್ಲು ಕೂಡ್ರಿ" ಎನ್ನುತ್ತಿದ್ದರು. ಆಮೇಲೆ ಬಿಪಿ, ಸಕ್ಕರೆ, ಥೈರಾಯ್ಡು, ಬಸಿರು ಬಾಣಂತನ, ಏನು ಮಾತ್ರೆ ನಡೆದಿದೆ ಎಂದು ಸಂಸಾರದ ಸುದ್ದಿ ಕೇಳಿದ ಹಾಗೆ ಕೇಳುತ್ತಿದ್ದರು. ಕಾಯಿಲೆ ಇದ್ದವರಿಗೆ, "ಮೊದ್ಲು ಡಾಕ್ಟ್ರ ಹತ್ರ ಹೋಗಿ ಬರ್ರಿ. ಊಟ ಬದಲಾದ್ರೆ ಮಾತ್ರೆನೂ ಬದಲಾಗಬೇಕಾಗ್ತೈತೆ" ಎನ್ನುತ್ತಿದ್ದರು. ಉಳಿದವರಿಗೆ ಒಂದೇ ಮಾತು.

"ಮುಂದಿನ ಸಲ ಬರೋವಾಗ ನಿಮ್ಮ ಮನ್ಯಾಗೆ ಅನ್ನ ಬಡಿಸೋ ಸೌಟು ತಗಂಡು ಬರ್ರಿ."

ಮೊದಲ ಸಲ ಕೇಳಿದಾಗ ನಾನು ತಮಾಷೆ ಎಂದುಕೊಂಡೆ. ಜನ ನಿಜಕ್ಕೂ ತಂದರು. ಸೆರಗಿನಲ್ಲಿ ಮುಚ್ಚಿಕೊಂಡು, ತರಕಾರಿ ಚೀಲದಲ್ಲಿ ಸೊಪ್ಪಿನ ಕೆಳಗೆ ಅಡಗಿಸಿ, ಒಬ್ಬ ಮೇಷ್ಟ್ರು ಛತ್ರಿಯೊಳಗೆ ಸಿಕ್ಕಿಸಿಕೊಂಡು. ಆಪಾ ಆ ಸೌಟನ್ನು ಕೈಯಲ್ಲಿ ಹಿಡಿದು ಅದರ ಕುಳಿಗೆ ಹೆಬ್ಬೆರಳು ಆಡಿಸಿ, "ಇದರಾಗೆ ರಾತ್ರಿ ಎಷ್ಟು?" ಎಂದು ಕೇಳುತ್ತಿದ್ದರು. "ಮೂರ್ರಿ." "ತಲಿ ತುಂಬಾನೋ, ಸಮ ಸಮಾನೋ?" "ತಲಿ ತುಂಬಾ." "ಹಂಗಾದ್ರೆ ಅದು ನಾಕು. ಈ ವಾರ ಮೂರು ಸಮ ಮಾಡ್ರಿ. ಪಲ್ಯ ಒಂದು ಸೌಟು ಜಾಸ್ತಿ ಹಾಕ್ಯಳ್ರಿ. ಬೇಳೆ ಬಿಡಬ್ಯಾಡ್ರಿ. ಹಸ್ಕಂಡು ಇರಬ್ಯಾಡ್ರಿ. ಉಂಡ ಮ್ಯಾಲೆ ಓಣಿ ತುದಿತನ ನಡೀರಿ." ಇಷ್ಟೇ. ಗ್ರಾಂ ಇಲ್ಲ, ಕ್ಯಾಲೊರಿ ಇಲ್ಲ.

ಸೌಟಿನ ವಿದ್ಯೆ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದೆ.

"ನಮ್ಮ ಅಬ್ಬಾ ಹರಿಹರದಾಗೆ ಕಲಾಯಿ ಹಾಕ್ತಿದ್ರು ಬೇಟಾ. ಊರಿನ ತಾಮ್ರ, ಹಿತ್ತಾಳೆ ಎಲ್ಲ ನಮ್ಮ ಅಂಗಳದಾಗೆ ಇರೋದು. ನಾವು ಹುಡುಗ್ರು ಸೌಟಿನಾಗೆ ನೀರು ಹಾಕಿ ಆಡ್ತಿದ್ವಿ. ಒಂದು ಮನಿ ಸೌಟಿನಾಗೆ ಇನ್ನೊಂದು ಮನಿಯೋರ ಎರಡು ಸೌಟು ಹಿಡೀತಿತ್ತು. ಅವಾಗ್ಲೇ ತಿಳೀತು, ಎರಡು ಸೌಟು ಉಂಡೆ ಅನ್ನೋದು ಪುರಾ ಸುಳ್ಳು ಅಂತ. ಯಾರ ಸೌಟು ಅಂತ ಕೇಳಬೇಕು."

ಆ ರಾತ್ರಿ ನನಗೆ ನಮ್ಮ ಅಪ್ಪನ ಮೇಲೂ ಸಿಟ್ಟು ಬಂತು. ನಮ್ಮಪ್ಪ ಬಸ್ ಕಂಡಕ್ಟರ್. ಟಿಕೆಟ್ ಹರಿಯುವುದರಿಂದ ಫಾರ್ಮಸಿಗೆ ಏನು ಉಪಯೋಗ?

ಅವರ ಮಾತಿಗೆ ಜನ ನಗುತ್ತಿದ್ದರು, ನಗುತ್ತಲೇ ಕೇಳುತ್ತಿದ್ದರು. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಒಬ್ಬ ಹೆಂಗಸು ಬಂದಿದ್ದರು, ಆಗಸ್ಟ್ ತಿಂಗಳು. ಅನ್ನ, ರೊಟ್ಟಿ ಎರಡೂ ಬಿಟ್ಟು ಮೂರು ಹೊತ್ತೂ ಮಂಡಕ್ಕಿಯನ್ನೇ ತಿನ್ನುತ್ತಿದ್ದರಂತೆ.

"ಯಾಕ?" ಎಂದರು ಆಪಾ.

"ಹಗುರ ಐತಲ್ರಿ. ಒಂದು ಚೀಲ ಮಂಡಕ್ಕಿನ ಒಂದೇ ಕೈಲಿ ಎತ್ತಬೋದು. ಅದನ್ನ ತಿಂದ್ರೆ ಮೈ ಹೆಂಗೆ ಭಾರ ಆಗ್ತೈತೆ?"

"ಹತ್ತಿನೂ ಹಗುರ ಐತೆ ಅಕ್ಕಾರ. ಹಾಸಿಗಿ ಬಿಚ್ಚಿ ತಿಂತೀರೇನು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಆಕೆಯೂ ನಕ್ಕರು. ನಾನು ಅದೇ ವಿಷಯವನ್ನು, ಅಂದರೆ ಮಂಡಕ್ಕಿ ಅಕ್ಕಿಯದೇ, ಉಬ್ಬಿರುವುದಷ್ಟೇ, ಅದೊಂದರಲ್ಲೇ ದಿನ ತಳ್ಳಿದರೆ ಬೇಳೆ ತರಕಾರಿಯ ಸತ್ವ ಸಿಗುವುದಿಲ್ಲ ಎಂದು ಹಿಂದಿನ ವಾರವೇ ಆಕೆಗೆ ವಿವರಿಸಿದ್ದೆ. ಆಗ ಆಕೆ ಆಕಳಿಸಿದ್ದರು.

"ಮಂಡಕ್ಕಿ ಜತಿಗೆ ಏನು?" ಆಪಾ ಬಿಡಲಿಲ್ಲ.

"ಏನಿಲ್ಲ. ಒಂಚೂರು ಎಣ್ಣಿ, ಶೇಂಗಾ... ಒಂದು ಮಿರ್ಚಿ."

"ಒಂದು?"

"ಎರಡು," ಎಂದರು ಆಕೆ. ನನಗೆ "ಏನೂ ಇಲ್ಲ" ಎಂದಿದ್ದ ಬಾಯಿ ಅದು.

ಇನ್ನೊಮ್ಮೆ ಒಬ್ಬ ತರುಣ. ಮೂರು ವಾರಕ್ಕೆ ಮದುವೆ, ಶೇರ್ವಾನಿ ಹೊಲಿಸಿಯಾಗಿದೆ, ಹೊಟ್ಟೆಯ ಹತ್ತಿರ ಗುಂಡಿ ಕೂಡುತ್ತಿಲ್ಲ. ಭೇದಿ ಮಾತ್ರೆ ಬೇಕು ಎಂದ, ದಿನಾ ನಾಲ್ಕು ನುಂಗಿದರೆ ಇಳಿಯುತ್ತದೆಯಂತೆ ಎಂದ. ಆಪಾ ಮಾತ್ರೆಯ ಕಡೆ ಕೈ ಚಾಚಲೂ ಇಲ್ಲ.

"ಅದು ಮೈಯಾಗಿನ ನೀರು ಕಳೀತೈತೆ, ಬೊಜ್ಜು ಅಲ್ಲ. ಉಪ್ಪಿನಂಶ ಎಲ್ಲ ಹೋಗಿ ಕಾಲು ಸೆಳೀತಾವೆ, ಎದಿ ಹೊಡ್ಕಂತೈತೆ. ನಿಕಾಹ್ ದಿನ ನೀನು ಸ್ಟೇಜ್ ಮ್ಯಾಲೆ ಇರಬೇಕೋ, ಶಾದಿಮಹಲಿನ ಹಿಂದ್ಗಡೆ ಚೆಂಬು ಹಿಡಕಂಡು ಇರಬೇಕೋ?"

ಹುಡುಗನ ಮುಖ ಕೆಂಪಾಯಿತು. "ಮತ್ತೆ ಶೇರ್ವಾನಿ ಏನ್ ಮಾಡ್ಲಿ ಆಪಾ?"

"ಟೇಲರ್ ಹತ್ರ ಹೋಗು. ಮನುಷ್ಯನ್ನ ಕತ್ತರಿಸಬಾರದು, ಬಟ್ಟಿ ಕತ್ತರಿಸಬೇಕು."

ಹಾಗೆಯೇ ಥೈರಾಯ್ಡ್ ಇಲ್ಲದವರು ಬಂದು ಥೈರಾಯ್ಡ್ ಮಾತ್ರೆ ಕೇಳಿದಾಗ ಅವರು ಸಿಟ್ಟಾಗಿದ್ದನ್ನೂ ಕಂಡಿದ್ದೇನೆ. ಚೀಟಿ ಇಲ್ಲದೆ ಕೊಡುತ್ತಿರಲಿಲ್ಲ. ತೂಕ ಇಳಿಸುವ ಪೌಡರಿನ ಡಬ್ಬಿಗಳನ್ನು ಅಂಗಡಿ ಯಜಮಾನರು ಮುಂದಿನ ಶೋಕೇಸಿನಲ್ಲಿ ಜೋಡಿಸಿದರೆ, ಮಾರನೇ ದಿನ ಅವು ಕೆಳಗಡೆ ಡೈಪರ್‌ಗಳ ಹಿಂದೆ ಇರುತ್ತಿದ್ದವು. "ಯಾರಮ್ಮ ಇಲ್ಲಿ ಇಟ್ಟೋರು?" ಎಂದು ಯಜಮಾನರು ಕೇಳಿದರೆ, "ಯಾರೋ ಜಿನ್ ಇರಬೇಕು ಸಾಬ್" ಎನ್ನುತ್ತಿದ್ದರು. ಯಜಮಾನರೂ ನಕ್ಕು ಸುಮ್ಮನಾಗುತ್ತಿದ್ದರು. ಒಂದೇ ಒಂದು ಸಲ ಬಿಲ್ಲಿನಲ್ಲಿ ದಿನಾಂಕ ತಪ್ಪು ಹಾಕಿದ್ದಕ್ಕೆ ಅದೇ ಯಜಮಾನರು ನನಗೆ ಅರ್ಧ ಗಂಟೆ ಬೈದಿದ್ದರು.

ಬೇಗ ಇಳಿದ ತೂಕದ ಬಗ್ಗೆ ಅವರದೊಂದು ಮಾತಿತ್ತು. "ವಾರದಾಗೆ ಐದು ಕೆಜಿ ಹೋತು ಅಂತೀರಲ್ಲ, ಅದು ಬ್ಯಾಗ್ ಇಲ್ಲೇ ಬಿಟ್ಟು ಹೋದ ನೆಂಟ ಇದ್ದಂಗೆ. ವಾಪಸ್ ಬಂದೇ ಬರ್ತಾನ. ತಿಂಗಳಿಗೆ ಒಂದೋ ಎರಡೋ ಇಳೀಲಿ. ಅದು ಹೇಳಿ ಕೇಳಿ ಹೋದ ನೆಂಟ." ಇದನ್ನು ನಾನು ಕದ್ದು ಒಬ್ಬರಿಗೆ ಹೇಳಿ ನೋಡಿದೆ. ಅವರು, "ಆಪಾನೂ ಹಿಂಗೇ ಹೇಳ್ತಿರ್ತಾರೆ" ಎಂದರು.

ಇಷ್ಟೇ ಆಗಿದ್ದರೆ ನನ್ನ ಹೊಟ್ಟೆಕಿಚ್ಚು ಅಂಗಡಿಯ ಮಟ್ಟಿಗೆ ಇರುತ್ತಿತ್ತು. ಅದು ಮನೆಯವರೆಗೆ ಬಂದದ್ದು ಅಮ್ಮನಿಂದ.

ನಮ್ಮ ಮನೆ ದಾವಣಗೆರೆ ಪಕ್ಕದ ಬಾತಿ ಹಳ್ಳಿಯಲ್ಲಿ. ಅಮ್ಮನಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ತಿಂಡಿಯ ಜೊತೆ ಒಂದು ಮಾತ್ರೆ. ನವೆಂಬರಿನಲ್ಲಿ ಒಂದು ಮದುವೆಗೆ ಹೋಗುವಾಗ ಬಸ್ಸಿನಲ್ಲಿ ನಮ್ಮ ಅತ್ತೆ, "ಸ್ವಲ್ಪ ಸರಿಯೇ, ನಾನೂ ಟಿಕೆಟ್ ತಗಂಡೀನಿ" ಎಂದರಂತೆ. ಅಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಊರಿನಲ್ಲಿ ಯಾರೋ ಮನೆಯಲ್ಲೇ ಬೆಳಿಗ್ಗೆ ಹೊತ್ತು ಪೌಡರ್ ಕಲಸಿದ ಪಾನಕ ಮಾರುತ್ತಿದ್ದರು, ಊಟದ ಬದಲು ಅದನ್ನು ಕುಡಿದರೆ ಸಾಕಂತೆ. ನನಗೆ ಸುಳಿವು ಸಿಕ್ಕಿದ ದಿನವೇ ಹೇಳಿದೆ, "ಅಮ್ಮಾ, ನಿನ್ನ ಮಾತ್ರೆ ಸಕ್ಕರೆ ಇಳಿಸುತ್ತೆ. ಊಟ ಬಿಟ್ಟು ಮಾತ್ರೆ ನುಂಗಿದರೆ ತೀರಾ ಇಳಿದುಬಿಡುತ್ತೆ. ಡಾಕ್ಟರಿಗೆ ಕೇಳದೆ ಏನೂ ಮಾಡಬೇಡ."

"ನೀನು ನಿನ್ನೆ ಮೊನ್ನೆ ಓದಿದೋಳು. ನಿನಗೆ ಜಡೆ ಹಾಕೋದು ಕಲಿಸಿದೋಳು ನಾನು," ಎಂದಳು. ಆಮೇಲೆ ದಿನಾ ಸಂಜೆ "ಉಂಡೆಯಾ?" ಎಂದು ಕೇಳುತ್ತಿದ್ದೆ. "ಉಂಡೆ" ಎನ್ನುತ್ತಿದ್ದಳು. ಅಮ್ಮ ಉಂಡಳು ಎಂದು ದಿನಚರಿಯಲ್ಲೂ ಬರೆದೆ.

ಒಂದು ಶುಕ್ರವಾರ ನಾನು ಊಟದ ಡಬ್ಬಿ ಮರೆತು ಬಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಮ್ಮ ಅದನ್ನು ಹಿಡಿದು ಸಿಟಿ ಬಸ್ಸಿನಲ್ಲಿ ಅಂಗಡಿಗೆ ಬಂದಳು. ಬಂದವಳೇ ಬೈಯಲು ಶುರು ಮಾಡಿದಳು. "ಡಬ್ಬಿ ಮರೀತೀಯ, ನಾಳೆ ಗಂಡನ್ನೂ ಎಲ್ಲಾರ ಮರೆತು ಬರ್ತೀಯ." ಅಮ್ಮ ಹಾಗೆ ಬೈಯುವವಳಲ್ಲ. ಹಣೆಯ ತುಂಬ ಬೆವರು, ಡಬ್ಬಿ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಸಕ್ಕರೆ ಇಳಿದಿದೆ ಎಂದು ನನಗೂ ಹೊಳೆಯಿತು. ನಾನು ಸಕ್ಕರೆ ನೋಡುವ ಮಿಷನ್ ತೆಗೆದು ಸ್ಟ್ರಿಪ್ಪಿನ ಡಬ್ಬಿ ಬಿಚ್ಚುತ್ತಿದ್ದೆ. ಅಷ್ಟರಲ್ಲಿ ಆಪಾ ಕೌಂಟರ್ ದಾಟಿ ಹೊರಗೆ ಹೋಗಿ ಅಮ್ಮನನ್ನು ಸ್ಟೂಲಿನ ಮೇಲೆ ಕೂಡಿಸಿ, ನೀರಿನ ಲೋಟಕ್ಕೆ ಗ್ಲೂಕೋಸ್ ಪುಡಿ ಸುರಿದು ಬೆರಳಿನಿಂದಲೇ ಕದಡಿ ಬಾಯಿಗೆ ಹಿಡಿದಿದ್ದರು.

"ಕುಡೀರಿ. ಪೂರಾ ಕುಡೀರಿ. ಬೈಯೋದು ಆಮ್ಯಾಲೆ ಮುಗಿಸೋರಂತೆ."

ಅಮ್ಮ ಕುಡಿದಳು. ಮಿಷನ್ ತೋರಿಸಿದ ಅಂಕಿ ತೀರಾ ಕೆಳಗಿತ್ತು, ಎರಡು ಸಲ ನೋಡಿದೆ. ಕಾಲು ಗಂಟೆಯಲ್ಲಿ ಬೆವರು ಆರಿತು, ಅಂಕಿಯೂ ಏರಿತು. ಆಪಾ ನನ್ನ ಡಬ್ಬಿಯನ್ನೇ ಬಿಚ್ಚಿ ಅಮ್ಮನ ಮುಂದಿಟ್ಟು, "ಈಗ ಇದನ್ನ ಉಣ್ರಿ, ಇಲ್ಲಾಂದ್ರೆ ಮತ್ತೆ ಇಳೀತೈತೆ" ಎಂದರು. ಅಮ್ಮ ನಾಲ್ಕು ತುತ್ತು ಉಂಡ ಮೇಲೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದರು.

"ನಿನ್ನೆ ರಾತ್ರಿ ಏನು ಉಂಡ್ರಿ?"

ನಾನು ಎದುರಿಗೇ ನಿಂತಿದ್ದೆ. ಅಮ್ಮ ನನ್ನ ಕಡೆ ನೋಡಲಿಲ್ಲ. ಆಪಾನ ಮುಖ ನೋಡುತ್ತ ಎಲ್ಲವನ್ನೂ ಹೇಳಿದಳು. ಪೌಡರಿನ ಪಾನಕ, ಎರಡು ವಾರದಿಂದ ರಾತ್ರಿ ಊಟವಿಲ್ಲದ್ದು, ಇವತ್ತು ಬೆಳಿಗ್ಗೆ ಪಾನಕವನ್ನೂ ಕುಡಿಯದೆ ಮಾತ್ರೆ ನುಂಗಿದ್ದು, ಬಸ್ಸಿನ ಸೀಟಿನ ಮಾತು, ಮಂಡಿನೋವು, ಹಳೆಯ ರವಿಕೆಗಳು ಮೈಗೆ ಹಿಡಿಸದೆ ಬೀರುವಿನಲ್ಲಿ ಕೂತಿರುವುದು. ರವಿಕೆಗಳ ವಿಷಯ ನನಗೆ ಗೊತ್ತೇ ಇರಲಿಲ್ಲ.

"ನೋಡ್ರಿ ಅಕ್ಕಾರ," ಎಂದರು ಆಪಾ. "ನಾವು ರಂಜಾನ್ ತಿಂಗಳು ಪೂರ್ತಿ ಉಪವಾಸ ಮಾಡೋರು. ರೋಜಾ ಶುರು ಆಗೋಕ್ಕಿಂತ ಮೊದ್ಲೇ ನಮ್ಮ ಓಣಿ ಸಕ್ಕರಿ ಪೇಷಂಟ್‌ಗಳನ್ನೆಲ್ಲ ನಾನು ಡಾಕ್ಟ್ರ ಹತ್ರ ಅಟ್ತೀನಿ. ಯಾರು ಉಪವಾಸ ಮಾಡಬೋದು, ಯಾರು ಮಾಡಬಾರದು, ಯಾವ ಮಾತ್ರಿ ಯಾವಾಗ, ಅವರೇ ಹೇಳ್ತಾರೆ. ದೇವರಿಗೆ ಮಾಡೋ ಉಪವಾಸಕ್ಕೇ ಡಾಕ್ಟ್ರನ್ನ ಕೇಳ್ತೀವಿ. ನೀವು ನಾದಿನಿ ಬಾಯಿಗೆ ಹೆದರಿ ಕೇಳ್ದೇನೆ ಮಾಡಿದ್ರಲ್ಲ."

ಅಮ್ಮನ ಕಣ್ಣಲ್ಲಿ ನೀರು ಬಂತು. ಆಪಾ ತಮ್ಮ ದುಪ್ಪಟ್ಟದ ತುದಿ ಕೊಟ್ಟರು. ನಾನು ಮಿಷನ್ ಹಿಡಿದುಕೊಂಡು ನಿಂತೇ ಇದ್ದೆ. ಸಂಜೆ ನಾನೇ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಾತ್ರೆಯ ಪ್ರಮಾಣ ಬದಲಿಸಿದರು. ದಾರಿಯುದ್ದಕ್ಕೂ ಅಮ್ಮ ಹೇಳಿದ್ದು ಒಂದೇ, "ಎಂಥ ಒಳ್ಳೇ ಹೆಣ್ಣುಮಗಳು!"

ಮುಂದಿನ ಶುಕ್ರವಾರ ಅಮ್ಮ ಬಾತಿಯಿಂದ ಸೌಟು ತಂದಳು. ಅಜ್ಜಿಯ ಕಾಲದ ಹಿತ್ತಾಳೆ ಸೌಟು, ಹಿಡಿಯ ತುದಿಯಲ್ಲಿ ಸಣ್ಣ ಕೊಕ್ಕೆ. ನಾನು ಹುಟ್ಟಿದಾಗಿನಿಂದ ಅದರಲ್ಲೇ ಉಂಡಿದ್ದೇನೆ. ಅದರ ಕುಳಿ ಎಷ್ಟು ಆಳ ಎಂದು ಒಂದು ದಿನವೂ ನೋಡಿರಲಿಲ್ಲ. ಆಪಾ ಅದಕ್ಕೆ ಹೆಬ್ಬೆರಳು ಆಡಿಸಿ, "ಅಯ್ಯೋ, ಇದು ಸೌಟಲ್ಲ, ಬಾವಿ!" ಎಂದರು. ಇಬ್ಬರೂ ನಕ್ಕ ನಗೆಗೆ ಬೀದಿಯವರು ತಿರುಗಿ ನೋಡಿದರು. ಅವತ್ತಿನಿಂದ ಅಮ್ಮ ರಾತ್ರಿ ಒಂದೂವರೆ ಸೌಟು ಅನ್ನ, ಪಲ್ಯ, ಬೇಳೆ ಉಂಡು ಕೆರೆ ಏರಿಯ ಮೇಲೆ ನಡೆಯತೊಡಗಿದಳು. ತೂಕ ನಿಧಾನಕ್ಕೆ ಇಳಿಯಿತು. ಬೀರುವಿನ ರವಿಕೆಗಳಲ್ಲಿ ಒಂದು ಹಿಡಿಸಿದ ದಿನ ಅದನ್ನೇ ತೊಟ್ಟುಕೊಂಡು ಅಂಗಡಿಗೆ ಬಂದು ಆಪಾಗೆ ತೋರಿಸಿದಳು. ನಾನು ಬೆಳಿಗ್ಗೆ ಮನೆಯಲ್ಲಿ ನೋಡಿದಾಗ, "ಏನು ನೋಡ್ತಿ, ಲೇಟಾತು ಹೋಗು" ಎಂದಿದ್ದಳು.

ಈ ಮಾರ್ಚ್ ಕೊನೆಗೆ ಆಪಾ ಬಿಟ್ಟು ಹೋದರು. ಹರಿಹರದಲ್ಲಿ ಅವರ ಮನೆಗೆ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಸಿಕ್ಕಿತ್ತು, ಅವರ ಅತ್ತೆಗೂ ಹುಷಾರಿರಲಿಲ್ಲ. ಹೋಗುವ ದಿನ ನನಗೆ ಬೆಣ್ಣೆದೋಸೆ ಕೊಡಿಸಿದರು. ತಾವೂ ಒಂದು ತಿಂದರು, ಬೆಣ್ಣೆ ಬಿಡದೆ. "ಇವತ್ತು ರಾತ್ರಿ ಅರ್ಧ ಸೌಟು" ಎಂದು ಬೆರಳು ಒರೆಸಿಕೊಂಡರು. "ಬೇಟಾ, ನಿನ್ನ ಕಪಾಟು ನೋಡಿದ್ರೆ ನನಗೆ ಹೊಟ್ಟಿ ಉರೀತೈತೆ. ಕಣ್ಣು ಮುಚ್ಚಿ ಕೈ ಹಾಕಿದ್ರೆ ಮಾತ್ರೆ ಸಿಗ್ತೈತೆ. ನನಗೆ ಜನ್ಮದಾಗೆ ಬರ್ಲಿಲ್ಲ." ಹೊಟ್ಟೆಕಿಚ್ಚನ್ನು ಅಷ್ಟು ಸಲೀಸಾಗಿ, ದೋಸೆ ತಿನ್ನುತ್ತ ಹೇಳಿಬಿಟ್ಟರಲ್ಲ ಎಂದು ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಮಾರನೇ ದಿನ ನಾನು ಸ್ಟೂಲನ್ನು ಒಳಗೆ ತೆಗೆದಿಟ್ಟು ಅದರ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿದೆ. ಅಂಗಡಿ ಅಚ್ಚುಕಟ್ಟಾಯಿತು.

ಸೌಟಿನ ಹೆಂಗಸು ವಿಳಾಸ ಕೇಳಿಕೊಂಡು ಹೋದ ಅದೇ ವಾರ ನನಗೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಅಮ್ಮನ ಮಾತ್ರೆ ಮುಗಿಯುವ ದಿನ ಕಳೆದಿತ್ತು, ಅವಳು ನನ್ನನ್ನು ಕೇಳಿರಲಿಲ್ಲ. ಮನೆಯಲ್ಲಿ ಕೇಳಿದರೆ, "ಇನ್ನೂ ನಾಕು ಅದಾವೆ" ಎಂದಳು. ಬುಧವಾರ ಹರಿಹರದ ದೇವಸ್ಥಾನಕ್ಕೆ ಹೋಗಿ ಬರುತ್ತೇನೆ ಎಂದಳು. ಅಮ್ಮ ಸೋಮವಾರ ಬಿಟ್ಟು ಬೇರೆ ದಿನ ಆ ದೇವಸ್ಥಾನಕ್ಕೆ ಹೋದವಳಲ್ಲ. ಮಗಳು ಔಷಧಿ ಅಂಗಡಿಯಲ್ಲಿ ಕೂತಿರುವಾಗ ತಾಯಿ ಬಸ್ ಹತ್ತಿ ಇನ್ನೊಂದು ಊರಿಗೆ ಮಾತ್ರೆ ತರಲು ಹೋಗುವುದೆಂದರೆ! ಬುಧವಾರ ಇಡೀ ದಿನ ನಾನು ಬಂದ ಗ್ರಾಹಕರ ಮೇಲೆಲ್ಲ ಸಿಡುಕಿದೆ.

ರಾತ್ರಿ ಅಮ್ಮನ ಮುಖ ಸಿಟ್ಟಿನಿಂದ ಊದಿಕೊಂಡಿತ್ತು. ಕೈಚೀಲ ಖಾಲಿ, ಪ್ರಸಾದವೂ ಇಲ್ಲ, ಮಾತ್ರೆಯೂ ಇಲ್ಲ.

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅಮ್ಮ ಅಂಗಡಿಗೆ ಬಂದಳು. ಎಲ್ಲರ ಹಾಗೆ ಸರದಿಯಲ್ಲಿ ನಿಂತು, ಸರದಿ ಬಂದ ಮೇಲೆ ಡಾಕ್ಟರ ಚೀಟಿಯನ್ನು ಗಾಜಿನ ಮೇಲಿಟ್ಟಳು. ಅದರ ಪಕ್ಕ ಹಿತ್ತಾಳೆ ಸೌಟನ್ನೂ ಇಟ್ಟಳು.

"ಏನಮ್ಮಾ ಇದು?"

"ಏನಂದ್ರೆ? ಆಪಾ ಮಾತ್ರಿ ಕೊಡ್ಲಿಲ್ಲ. ಮಗಳು ಕೂತಿರೋ ಅಂಗಡಿ ಬಿಟ್ಟು ಬಂದು ನನ್ನ ಹತ್ರ ತಗಂಡ್ರೆ ಆ ಹುಡುಗಿ ಓದಿದ್ದಕ್ಕೆ ಏನ್ ಮರ್ಯಾದಿ ಅಂದ್ರು. ಟೀ ಕುಡಿಸಿ ಬಸ್ ಹತ್ತಿಸಿ ಕಳಿಸಿದ್ರು." ಅಮ್ಮ ಸೌಟನ್ನು ನನ್ನ ಕಡೆ ತಳ್ಳಿದಳು. "ಇನ್ಮ್ಯಾಲೆ ಎಲ್ಲದಕ್ಕೂ ನಿನ್ನ ಮಾತೇ ಕೇಳಬೇಕಂತೆ. ಆಪಾ ಹೇಳ್ಯಾರೆ. ಅದ್ಕೇ ಬಂದೀನಿ. ಹೇಳು."

ಎಷ್ಟು ತಿಂಗಳಿಂದ ನಾನು ಬಯಸಿದ್ದು ಇದೇ. ಅಮ್ಮ ನನ್ನ ಮಾತು ಕೇಳಬೇಕು. ಅದೂ ಕೊನೆಗೆ ಆಪಾ ಹೇಳಿದ್ದಕ್ಕೆ ಸಿಕ್ಕಿತು. ಚೀಟಿ ನೋಡಿದೆ, ಮಾತ್ರೆ ತೆಗೆದೆ, ಅವಧಿ ನೋಡಿದೆ. ಆಮೇಲೆ ಕೇಳಿದೆ.

"ನಿನ್ನೆ ಏನು ಉಂಡಿ?"

ಅಮ್ಮ ಆ ಕಡೆ ಈ ಕಡೆ ನೋಡಿದಳು. "ಮಧ್ಯಾಹ್ನ ಹರಿಹರ ಬಸ್‌ಸ್ಟ್ಯಾಂಡಿನಾಗೆ ಮಂಡಕ್ಕಿ... ಎರಡು ಮಿರ್ಚಿ. ಸಿಟ್ಟು ಬಂದಿತ್ತು, ತಿಂದೆ."

ಊಟದ ವಿಷಯದಲ್ಲಿ ಅಮ್ಮ ನನಗೆ ಹೇಳಿದ ಮೊದಲ ನಿಜ ಅದು. ನಾನು ಸೌಟನ್ನು ಎತ್ತಿಕೊಂಡು ಕುಳಿಗೆ ಹೆಬ್ಬೆರಳು ಆಡಿಸಿದೆ. ಅಮ್ಮ ತಲೆ ಅಲ್ಲಾಡಿಸಿದಳು.

"ಹಂಗಲ್ಲ. ಆಪಾ ಇದ್ದಾಗ ಮೊದ್ಲು ಕೂಡ್ರಿ ಅಂತಿದ್ರು. ಮಂಡಿ ನೋಯ್ತಾವೆ, ಎಷ್ಟೊತ್ತು ನಿಲ್ಲಲಿ?"

ನಾನು ಒಳಗೆ ಹೋಗಿ ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಳಿಸಿದೆ. ಸ್ಟೂಲಿನ ಧೂಳು ಒರೆಸಿ ತಂದು ಕೌಂಟರಿನ ಮುಂದೆ, ದಾರಿಗೆ ಅಡ್ಡವಾಗಿ, ಅದರ ಹಳೆಯ ಜಾಗದಲ್ಲೇ ಇಟ್ಟೆ. ಅಮ್ಮ ಕೂತಳು. ಅವಳ ಹಿಂದೆ ನಿಂತಿದ್ದ ಒಬ್ಬ ಹೆಂಗಸು ಬಗ್ಗಿ ಅವಳನ್ನು ಕೇಳಿದರು.

"ಇಲ್ಲಿ ಸೌಟು ನೋಡ್ತಾರಂತೆ, ಹೌದೇನ್ರಿ? ಆಪಾ ಅನ್ನೋರು ಇವರೇನಾ?"

"ಅಲ್ರಿ, ಇವಳು ನನ್ನ ಮಗಳು," ಎಂದಳು ಅಮ್ಮ. ಆ ಮಾತಿನಲ್ಲಿ ಹೆಮ್ಮೆ ಇತ್ತು, ನನಗೆ ಕೇಳಿಸಿತು. ಆಮೇಲೆ ದನಿ ಏರಿಸಿ ಸೇರಿಸಿದಳು, "ಚೆನ್ನಾಗಿ ನೋಡ್ತಾಳೆ. ಆಪಾ ಹತ್ರ ಕಲ್ತೋಳು."

ನಾನು ಕಲಿತದ್ದು ಕಾಲೇಜಿನಲ್ಲಿ, ಮಾರ್ಕ್ಸೂ ಅವರಿಗಿಂತ ಜಾಸ್ತಿ, ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಹೆಂಗಸು ಚೀಲದೊಳಗೆ ಕೈ ಹಾಕಿ ತಮ್ಮ ಸೌಟನ್ನು ಹುಡುಕತೊಡಗಿದ್ದರು.

"ತಡೀರಿ," ಎಂದೆ. "ನಮ್ಮಮ್ಮ ಏಳಲಿ. ಮೊದ್ಲು ಕೂಡ್ರಿ, ಆಮ್ಯಾಲೆ ಸೌಟು."